ಅತ್ತಿ ಹಣ್ಣಿನೊಳಗಿನ ಹೂ

ಕೇಳುಗರೆಲ್ಲರಿಗೂ ನಮಸ್ಕಾರ.

ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಮ್ಮಲ್ಲೊಂದು ಮಾತಿದೆ. ಇವತ್ತು ಆ ಹುಳದ ಪರವಾಗಿ ನಾಲ್ಕು ಮಾತು ಹೇಳಬೇಕು ಅನಿಸಿದೆ.

ಅತ್ತಿ ಮರ ಹೂ ಬಿಟ್ಟಿದ್ದು ಯಾರಾದರೂ ನೋಡಿದ್ದೀರಾ? ಇಲ್ಲ ಅಲ್ವಾ? ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಕಾಯಿ ಕಾಣುತ್ತದೆ, ಅಷ್ಟೇ. ಮೊನ್ನೆ ಒಂದು ಎಳೆ ಕಾಯಿಯನ್ನು ಬ್ಲೇಡಿನಿಂದ ಎರಡು ಹೋಳು ಮಾಡಿದೆ. ಒಳಗೋಡೆಯ ತುಂಬಾ ಸಣ್ಣ ಸಣ್ಣ ಎಳೆಗಳು ಒತ್ತೊತ್ತಾಗಿ ಕೂತಿದ್ದವು. ಅವೇ ಹೂಗಳು, ಎಣಿಸಿ ಮುಗಿಯದಷ್ಟು. ನಾವು ಕಾಯಿ ಅನ್ನುವುದು ಹೂಗಳನ್ನು ಬಚ್ಚಿಟ್ಟುಕೊಂಡ ಗಡಿಗೆ.

ಆ ಗಡಿಗೆಗೆ ಬಾಗಿಲು ಒಂದೇ. ತುದಿಯಲ್ಲೊಂದು ಚಿಕ್ಕ ತೂತು. ಜೇನು, ಚಿಟ್ಟೆ ಯಾವುದೂ ಅಲ್ಲಿ ತೂರುವುದಿಲ್ಲ. ತೂರುವುದು ಎರಡು ಮಿಲಿಮೀಟರ್ ಆಸುಪಾಸಿನ ಒಂದು ಹೆಣ್ಣು ಕಣಜ. ಕಾಯಿಯ ವಾಸನೆ ಹಿಡಿದು ಬರುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ, ನುಗ್ಗುವಾಗಲೇ ರೆಕ್ಕೆ ಹರಿದುಹೋಗುತ್ತದೆ. ಅದರ ಎದೆಯಲ್ಲಿ ಪುಟ್ಟ ಜೇಬುಗಳಿವೆ, ಜೇಬಿನಲ್ಲಿ ಇನ್ನೊಂದು ಅತ್ತಿ ಮರದ ಪರಾಗ. ಕಾಲಿನಿಂದ ಅದನ್ನು ತೆಗೆದು ಹೂಗಳಿಗೆ ಹಚ್ಚುತ್ತದೆ, ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಇಟ್ಟ ಹೂವಿನಲ್ಲಿ ಮರಿ ಬೆಳೆಯುತ್ತದೆ. ಪರಾಗ ಸಿಕ್ಕ ಉಳಿದ ಹೂಗಳಲ್ಲಿ ಬೀಜ ಕಟ್ಟುತ್ತದೆ.

ಕೆಲವು ವಾರಗಳಾದ ಮೇಲೆ ರೆಕ್ಕೆಯಿಲ್ಲದ ಗಂಡು ಕಣಜಗಳು ತಾವು ಬೆಳೆದ ಹೂವಿನಿಂದ ಮೊದಲು ಹೊರಬೀಳುತ್ತವೆ. ಹೆಣ್ಣುಗಳ ಜೊತೆ ಕೂಡುತ್ತವೆ, ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಡುತ್ತವೆ. ಅವುಗಳ ಬಾಳು ಅಷ್ಟೇ. ಅದೇ ಹೊತ್ತಿಗೆ ಸರಿಯಾಗಿ ಕಾಯಿಯೊಳಗಿನ ಗಂಡು ಹೂಗಳು ಬಲಿತಿರುತ್ತವೆ. ಹೆಣ್ಣು ಕಣಜ ಜೇಬು ತುಂಬಿಸಿಕೊಂಡು ಹೊರಗೆ ಹಾರುತ್ತದೆ.

ಅತ್ತಿಯ ದಾಯಾದಿ ಅಂಜೂರದ ವಿಷಯ ಕೇಳಿ. 1880ರ ದಶಕದಲ್ಲಿ ಟರ್ಕಿಯ ಸ್ಮಿರ್ನಾ ಅಂಜೂರವನ್ನು ಕ್ಯಾಲಿಫೋರ್ನಿಯಾದಲ್ಲಿ ನೆಟ್ಟರು. ಗಿಡ ಸೊಂಪಾಗಿ ಬೆಳೆಯಿತು, ಕಾಯಿ ಮಾತ್ರ ಉದುರಿಹೋಗುತ್ತಿತ್ತು. 1899ರಲ್ಲಿ ಅದರ ಕಣಜ ಅಲ್ಲಿ ನೆಲೆಯೂರಿದ ಮೇಲೆಯೇ ಹಣ್ಣು ನಿಂತಿದ್ದು.

ನಮ್ಮ ಅತ್ತಿ ಕಣಜದ ಆಯಸ್ಸು ಒಂದೆರಡು ದಿನ. ಹುಟ್ಟಿದ ಮರದಲ್ಲಿ ಆ ಹೊತ್ತಿಗೆ ಎಳೆ ಕಾಯಿ ಇರುವುದು ಕಡಿಮೆ. ಇನ್ನೊಂದು ಮರ ಹುಡುಕಲೇಬೇಕು. ಅದಕ್ಕೇ ರಸ್ತೆ ಅಗಲ ಮಾಡುವಾಗ ಅತ್ತಿ ಮರ ಉರುಳಿದರೆ ನನಗೆ ಹೊಟ್ಟೆಯಲ್ಲಿ ಸಂಕಟ. ನೆರಳು ಹೋಯಿತು ಅಂತ ಮಾತ್ರ ಅಲ್ಲ, ಎಲ್ಲಿಂದಲೋ ಹಾರಿ ಬಂದ ಕಣಜಕ್ಕೆ ಇಳಿಯುವ ಜಾಗವೇ ಇರುವುದಿಲ್ಲ.

ನಮ್ಮ ಕೆರೆ ಏರಿಯ ಅತ್ತಿ ಮರ ಈಗ ಎಳೆ ಕಾಯಿ ಬಿಟ್ಟಿದೆ. ದಿನಾ ಸಂಜೆ ಹೋಗಿ ನೋಡುತ್ತಿದ್ದೇನೆ.

ನಮಸ್ಕಾರ.