ನಾಯಿ ಪರಚಿತು ಅಂತ ಮಗು ಹೇಳಿದರೆ ಬೈಯಬೇಡಿ

ನಮಸ್ಕಾರ. ಇವತ್ತು ರೇಬೀಸ್ ಬಗ್ಗೆ ಮಾತಾಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿರುವ ಪ್ರತಿ ಮನೆಯಲ್ಲೂ ಒಂದು ನಿಯಮ ಇರಬೇಕು. ನಾಯಿ ಕಚ್ಚಿತು, ಬೆಕ್ಕು ಪರಚಿತು ಅಂತ ಮಗು ಬಂದು ಹೇಳಿದರೆ ಬೈಯುವ ಹಾಗಿಲ್ಲ. 'ಅಲ್ಲಿಗೆ ಯಾಕೆ ಹೋದೆ?', 'ಅದನ್ನು ಮುಟ್ಟಬೇಡ ಅಂತ ಹೇಳಿರಲಿಲ್ವಾ?' ಅಂತ ಗದರುವ ಹಾಗೂ ಇಲ್ಲ. ಬುದ್ಧಿ ಹೇಳೋಕೆ ಮುಂದೆ ಬೇಕಾದಷ್ಟು ದಿನ ಇದೆ. ಆ ಹೊತ್ತಿಗೆ ನಲ್ಲಿ ತಿರುಗಿಸಿ, ಸೋಪು ತೆಗೆದುಕೊಳ್ಳಿ.

ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ ಎಂಬ ಅಂದಾಜಿದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ರೋಗ ಬರುವುದು ನಾಯಿಯಿಂದಲೇ. ರೇಬೀಸ್ ಇರಬಹುದಾದ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಮಕ್ಕಳು ಮರಿಗಳನ್ನು ಎತ್ತಿಕೊಳ್ಳುತ್ತಾರೆ, ಬಾಲ ಹಿಡಿಯುತ್ತಾರೆ, ಮುಖದ ಹತ್ತಿರ ಮುಖ ತರುತ್ತಾರೆ. ಎತ್ತರ ಕಡಿಮೆ ಇರುವುದರಿಂದ ಗಾಯ ತಲೆಗೋ ಮುಖಕ್ಕೋ ಆಗುವುದು ಜಾಸ್ತಿ. ಆಮೇಲೆ ಬೈಗುಳದ ಭಯ, ಇಂಜೆಕ್ಷನ್ ಭಯ. ಸುಮ್ನೆ ಇದ್ದುಬಿಡುತ್ತಾರೆ. ಸಣ್ಣ ಗೀರು ಎರಡು ದಿನದಲ್ಲಿ ಮಾಯುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಗಾಯ ಮಾಯಿತು ಅಂದರೆ ಅಪಾಯ ಕಳೆಯಿತು ಅಂತ ಅಲ್ಲ. ಈ ವೈರಸ್ ಇರುವುದು ಪ್ರಾಣಿಯ ಜೊಲ್ಲಿನಲ್ಲಿ. ಹಲ್ಲಿನಿಂದಲೋ ಉಗುರಿನಿಂದಲೋ ಚರ್ಮದೊಳಗೆ ಹೋಗುತ್ತದೆ. ಅಲ್ಲಿಂದ ನರದೊಳಗೆ ಸೇರಿಕೊಂಡು ನಿಧಾನವಾಗಿ ಮಿದುಳಿನ ಕಡೆಗೆ ಹೊರಡುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷವೇ ಆಗಬಹುದು. ಗಾಯ ಮಿದುಳಿಗೆ ಹತ್ತಿರ ಇದ್ದಷ್ಟೂ ದಾರಿ ಕಡಿಮೆ. ಈ ಅವಧಿಯಲ್ಲಿ ಜ್ವರ ಇಲ್ಲ, ನೋವು ಇಲ್ಲ. ವೈರಸ್ ಒಳಗೆ ಸೇರಿದೆಯೋ ಇಲ್ಲವೋ ಅಂತ ಹೇಳುವ ರಕ್ತಪರೀಕ್ಷೆಯೂ ಇಲ್ಲ.

ಲಕ್ಷಣ ಶುರುವಾದ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಕಚ್ಚಿದ ಜಾಗದಲ್ಲಿ ಜುಮುಜುಮು ಅನ್ನುತ್ತದೆ, ಉರಿ ಬರುತ್ತದೆ. ಆಮೇಲೆ ನೀರು ಕುಡಿಯಲು ಹೋದರೆ ಗಂಟಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಗಾಳಿ ಬೀಸಿದರೂ ಸಹಿಸಲಾಗುವುದಿಲ್ಲ. ಇನ್ನು ಕೆಲವರಲ್ಲಿ ಈ ಯಾವ ಒದ್ದಾಟವೂ ಇರುವುದಿಲ್ಲ. ಕೈಕಾಲು ನಿಧಾನವಾಗಿ ಸೋಲುತ್ತವೆ, ಹಾಗಾಗಿ ಇದು ರೇಬೀಸ್ ಅಂತ ಎಷ್ಟೋ ಸಲ ಯಾರಿಗೂ ಹೊಳೆಯುವುದೂ ಇಲ್ಲ. ಈ ಹಂತಕ್ಕೆ ಬಂದು ಬದುಕಿದವರು ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಮನುಷ್ಯನಿಗೆ ಗೊತ್ತಿರುವ ಕಾಯಿಲೆಗಳಲ್ಲಿ ಇಷ್ಟು ಖಚಿತವಾಗಿ ಕೊಲ್ಲುವುದು ಇನ್ನೊಂದಿಲ್ಲ ಅಂದರೂ ತಪ್ಪಲ್ಲ.

ಆದರೆ ಅದಕ್ಕೆ ಮೊದಲು ನಮಗೆ ಸಮಯ ಸಿಗುತ್ತದೆ. ನನಗೆ ಸಂಕಟ ಆಗುವುದೇ ಇಲ್ಲಿ. ಇಷ್ಟು ಭಯಂಕರ ಕಾಯಿಲೆ ನಮಗೆ ವಾರಗಟ್ಟಲೆ ಅವಕಾಶ ಕೊಡುತ್ತದೆ. ಅದನ್ನು ನಾವು 'ಏನಾಗಲ್ಲ ಬಿಡು' ಅನ್ನುತ್ತಾ ಕಳೆಯುತ್ತೇವೆ.

ಮೊದಲು ಗಾಯ ತೊಳೆಯಬೇಕು. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕಂದರೆ ಅಂದಾಜಿನ 15 ನಿಮಿಷ ಎಷ್ಟೋ ಸಲ ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಈ ವೈರಸ್‌ನ ಹೊರಕವಚದಲ್ಲಿ ಕೊಬ್ಬಿನ ಅಂಶ ಇದೆ. ಸೋಪು ಅದನ್ನು ಒಡೆದುಹಾಕುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಥರದ ಔಷಧಿ ಹಚ್ಚಬಹುದು. ಪುಡಿ, ಎಣ್ಣೆ, ಎಲೆಯ ರಸ ಏನನ್ನೂ ಮೆತ್ತಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ನೇರ ಆಸ್ಪತ್ರೆಗೆ ಹೋಗಿ, ಅದೇ ದಿನ.

ಎಲ್ಲದಕ್ಕೂ ಇಂಜೆಕ್ಷನ್ ಬೇಕಾ? ಬೇಡ. ಪ್ರಾಣಿಯನ್ನು ಮುಟ್ಟಿದರೆ, ಊಟ ಹಾಕಿದರೆ, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದರೆ ತೊಳೆದುಕೊಂಡರೆ ಸಾಕು. ರಕ್ತ ಬರದ ಸಣ್ಣ ತರಚು ಆಗಿದ್ದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ, ಗಾಯದ ಮೇಲೆ ನೆಕ್ಕಿದ್ದರೆ, ಕಣ್ಣು ಬಾಯಿಗೆ ಜೊಲ್ಲು ತಾಗಿದ್ದರೆ, ಬಾವಲಿ ಕಚ್ಚಿದ್ದರೆ ಅಥವಾ ಪರಚಿದ್ದರೆ ಲಸಿಕೆ ಒಂದೇ ಸಾಲದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಲಸಿಕೆ ಹಾಕಿದ ಕೂಡಲೇ ರಕ್ಷಣೆ ಸಿಗುವುದಿಲ್ಲ. ನಮ್ಮ ದೇಹ ವೈರಸ್ ವಿರುದ್ಧ ತಯಾರಾಗಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ನರ ಸೇರಿಕೊಂಡರೆ? ಅದಕ್ಕೇ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ ಅಂತ ಇನ್ನೊಂದು ಔಷಧಿ ಇದೆ. ಅದನ್ನು ಗಾಯದ ಒಳಗೆ, ಸುತ್ತಮುತ್ತ ಚುಚ್ಚುತ್ತಾರೆ. ಅಲ್ಲೇ ವೈರಸ್ ಅನ್ನು ತಡೆಯುವುದು ಅದರ ಕೆಲಸ. ಗಾಯದಲ್ಲಿ ರಕ್ತ ಬಂದಿದ್ದರೆ ವೈದ್ಯರನ್ನು ನೀವೇ ಕೇಳಿ: 'ಡಾಕ್ಟ್ರೇ, ಇವನಿಗೆ ಇಮ್ಯುನೋಗ್ಲಾಬ್ಯುಲಿನ್ ಬೇಕಾ?' ಕೇಳೋಕೆ ಸಂಕೋಚ ಬೇಡ. ಮೊದಲ ಲಸಿಕೆ ಹಾಕಿಸಿದ ಏಳು ದಿನದೊಳಗೆ ಕೊಟ್ಟರೆ ಮಾತ್ರ ಇದಕ್ಕೆ ಅರ್ಥ. ಹಿಂದೆ ಪೂರ್ತಿ ಲಸಿಕೆ ಹಾಕಿಸಿಕೊಂಡವರಿಗೆ ಇದು ಬೇಕಾಗುವುದಿಲ್ಲ.

ಇನ್ನು ಹೊಟ್ಟೆಗೆ 14 ಇಂಜೆಕ್ಷನ್ ಅನ್ನೋ ಭಯ. ಅದು ಹಳೆಯ ಕಾಲದ ಲಸಿಕೆ. ಈಗಿನದನ್ನು ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ ಹಾಕುತ್ತಾರೆ. ಡೋಸ್‌ಗಳೂ ಕಡಿಮೆ. ಹಸುಗೂಸಿಗೂ ಗರ್ಭಿಣಿಗೂ ಹಾಕಬಹುದು. ಆ ಹಳೇ ಕಥೆಯನ್ನು ಮಕ್ಕಳ ಮುಂದೆ ಹೇಳಿ ಹೆದರಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ಕಚ್ಚಿದ್ದನ್ನು ಮಗು ಮುಚ್ಚಿಡಲು ಅದೂ ಒಂದು ಕಾರಣ. ಫ್ರಾನ್ಸ್‌ನ ವಿಜ್ಞಾನಿ ಲೂಯಿ ಪ್ಯಾಶ್ಚರ್ 1885ರ ಜುಲೈ 6ರಂದು ಮೊದಲ ಸಲ ತಮ್ಮ ರೇಬೀಸ್ ಲಸಿಕೆ ಪ್ರಯೋಗಿಸಿದ್ದು ಒಂಬತ್ತು ವರ್ಷದ ಹುಡುಗನ ಮೇಲೆ. ನಾಯಿ ಕಚ್ಚಿ ಎರಡೇ ದಿನವಾಗಿತ್ತು. ತಾಯಿ ಅವನನ್ನು ಪ್ಯಾರಿಸ್‌ಗೆ ಕರೆದುಕೊಂಡು ಬಂದಿದ್ದಳು. ಆ ಹುಡುಗ ಬದುಕಿದ.

ಈಗ ನಾಯಿ, ಬೆಕ್ಕು ಸಾಕಿದವರ ಹತ್ತಿರ ಮಾತು.

ಮಗು ಬೈಗುಳಕ್ಕೆ ಹೆದರಿ ಸುಮ್ಮನಿರುತ್ತದೆ ಅಂದೆ ಅಲ್ವಾ? ದೊಡ್ಡವರೂ ಹಾಗೇ ಮಾಡುತ್ತಾರೆ. ತಮ್ಮ ನಾಯಿ ಪಕ್ಕದ ಮನೆಯವರನ್ನು ಕಚ್ಚಿದಾಗ, ಲಸಿಕೆ ಹಾಕಿಸದೇ ಇದ್ದರೂ 'ಎಲ್ಲಾ ಹಾಕಿಸಿದ್ದೀವಿ, ಭಯ ಬೇಡ' ಅಂದುಬಿಡುತ್ತಾರೆ. ಜಗಳ ತಪ್ಪಿಸೋಕೆ ಹೇಳಿದ ಆ ಒಂದು ಮಾತು ನಂಬಿ ಆ ಮನೆಯವರು ಆಸ್ಪತ್ರೆಗೆ ಹೋಗದೇ ಇರಬಹುದು. ಇದನ್ನು ನಾನು ಸಣ್ಣ ಸುಳ್ಳು ಅಂತ ಒಪ್ಪುವುದಿಲ್ಲ. ಹಾಕಿಸಿಲ್ಲ ಅಂದರೆ ಹಾಕಿಸಿಲ್ಲ ಅಂತ ಹೇಳಿ. ಜೊತೆಗೆ ನೀವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅದಕ್ಕಿಂತ ಮೊದಲು, ಹಾಕಿಸಿಬಿಡಿ. ಮರಿಗೆ ಸುಮಾರು ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಬೂಸ್ಟರ್. 'ನಮ್ಮದು ಮನೆ ಬಿಟ್ಟು ಹೋಗಲ್ಲ' ಅನ್ನುವವರು ತುಂಬಾ ಜನ. ಬಾಗಿಲು ತೆರೆದಿದ್ದಾಗ ಒಂದು ನಿಮಿಷ ಹೊರಗೆ ಓಡಿದರೆ ಸಾಕು. ಬೆಕ್ಕಿಗಂತೂ ಕಿಟಕಿಯೇ ಸಾಕು. ತೀರಾ ಎಳೆಯ ಮರಿ ಪರಚಿದರೂ ಅಸಡ್ಡೆ ಬೇಡ, ಮರಿಗೂ ರೇಬೀಸ್ ಬರುತ್ತದೆ.

ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲುವುದನ್ನು ನಾನು ಖಂಡಿತ ವಿರೋಧಿಸುತ್ತೇನೆ, ಕರುಣೆ ಒಂದೇ ಇದಕ್ಕೆ ಕಾರಣ ಅಲ್ಲ. ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಹತ್ತು ದಿನದೊಳಗೆ ಅದು ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ಆ ಕಚ್ಚಿನಿಂದ ರೇಬೀಸ್ ಬಂದಿಲ್ಲ ಅಂತ ಅರ್ಥ, ಉಳಿದ ಡೋಸ್ ನಿಲ್ಲಿಸಬಹುದಾ ಅಂತ ವೈದ್ಯರು ಹೇಳುತ್ತಾರೆ. ಕೊಂದುಬಿಟ್ಟರೆ ಹೀಗೆ ನೋಡಿ ತಿಳಿಯುವ ದಾರಿ ಹೋಯಿತು. ಹಾಗಂತ ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಅಂತ ಕಾಯಬಾರದು. ಮೊದಲ ದಿನವೇ ಶುರು ಮಾಡಬೇಕು.

ಬೀದಿಯಲ್ಲೂ ಇದೇ ಮಾತು. ಇದ್ದ ನಾಯಿಗಳನ್ನು ಕೊಂದರೆ ಆ ಜಾಗಕ್ಕೆ ಲಸಿಕೆ ಇಲ್ಲದ ಬೇರೆ ನಾಯಿಗಳು ಬರುತ್ತವೆ. ಒಂದು ಪ್ರದೇಶದ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಹಾಕಿ, ವರ್ಷವರ್ಷವೂ ಬಿಡದೆ ಮಾಡುತ್ತಾ ಹೋದರೆ ರೋಗ ಹರಡುವುದು ನಿಲ್ಲುತ್ತದೆ. ಮೆಕ್ಸಿಕೋ ದೇಶ ಇದನ್ನು ಮಾಡಿ ತೋರಿಸಿತು. ನಾಯಿಯಿಂದ ಬರುವ ರೇಬೀಸ್ ಸಾವನ್ನು ಇಲ್ಲವಾಗಿಸಿದ ದೇಶ ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದ ಮೊದಲ ದೇಶ ಅದು.

ಕೊನೆಯದಾಗಿ, ಇದನ್ನು ಕೇಳುತ್ತಾ ಯಾರಿಗಾದರೂ ಹಳೆಯದೊಂದು ಕಡಿತ ನೆನಪಾಗಿರಬಹುದು. ಹೋದ ವಾರದ್ದೋ, ಎರಡು ತಿಂಗಳ ಹಿಂದಿನದೋ. ಲಸಿಕೆ ಹಾಕಿಸಿರಲಿಲ್ಲ, ಆ ನಾಯಿ ಏನಾಯಿತು ಗೊತ್ತಿಲ್ಲ. ತಡವಾಯಿತು ಅಂತ ಬಿಡಬೇಡಿ. ತಿಂಗಳುಗಳಾಗಿದ್ದರೂ, ಇವತ್ತೇ ಕಚ್ಚಿದೆ ಅನ್ನುವ ಹಾಗೆಯೇ ಚಿಕಿತ್ಸೆ ಶುರು ಮಾಡುತ್ತಾರೆ. ಇವತ್ತು ರಾತ್ರಿ ಮಕ್ಕಳನ್ನೂ ಒಂದು ಸಲ ಕೇಳಿನೋಡಿ. ನಿಧಾನವಾಗಿ, ಬೈಯದೆ.