ಕರೆಂಟ್ ಗಾಡಿಯ ಹೊಗೆ ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ.

ಊರಿನ ಗಾಳಿ ಕೆಡಿಸುವುದರಲ್ಲಿ ಪೆಟ್ರೋಲ್ ಗಾಡಿ ಮುಂದೋ, ಕರೆಂಟ್ ಗಾಡಿಯೂ ಅದರ ಜೊತೆಯಲ್ಲೇ ಇದೆಯೋ? ಬೆಂಗಳೂರಿನಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಬ್ಬರು, "ಕರೆಂಟ್ ಗಾಡಿಗೆ ಹೊಗೆನೇ ಇಲ್ಲ, ಮುಗೀತು" ಅನ್ನುತ್ತಾರೆ. ಇನ್ನೊಬ್ಬರು, "ಆ ಕರೆಂಟೂ ಕಲ್ಲಿದ್ದಲು ಸುಟ್ಟೇ ಬರೋದಲ್ವಾ, ಎರಡೂ ಒಂದೇ" ಅನ್ನುತ್ತಾರೆ. ಗಾಡಿ ಯಾವುದು ಅಂತ ಇಬ್ಬರೂ ಕೇಳುವುದಿಲ್ಲ. ಸ್ಕೂಟರಾ, ಬಸ್ಸಾ, ಎರಡು ಟನ್ನಿನ ಎಸ್‌ಯುವಿನಾ? ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಹೊಗೆ ಕೊಳವೆಯಿಂದ ಶುರು ಮಾಡೋಣ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್ 6, ಅಂದರೆ ಗಾಡಿಯ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 6 ನಿಯಮ, ಜಾರಿಯಲ್ಲಿದೆ. ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಪಾಲು) 10ಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ 4.5 ಮಿಲಿಗ್ರಾಂಗಿಂತ ಜಾಸ್ತಿ ಮಸಿ ಉಗುಳುವಂತಿಲ್ಲ. ಇದು ದೊಡ್ಡ ಸುಧಾರಣೆಯೇ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಕೊಳವೆಯೊಳಗೆ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಸುಮಾರು 250ರಿಂದ 300 ಡಿಗ್ರಿ ಬಿಸಿ ಬೇಕು. ಬೆಳಗ್ಗೆ ತಣ್ಣಗೆ ನಿಂತ ಸ್ಕೂಟರ್ ಸ್ಟಾರ್ಟ್ ಮಾಡಿ, ಮೂಲೆಯ ನಂದಿನಿ ಬೂತಿಗೆ ಹೋಗಿ, ಎರಡು ಪ್ಯಾಕೆಟ್ ಹಾಲು ತಗೊಂಡು ಬರುತ್ತೀರಿ. ಕನ್ವರ್ಟರ್ ಬಿಸಿ ಏರುವಷ್ಟರಲ್ಲಿ ನೀವು ಮನೆ ಸೇರಿರುತ್ತೀರಿ. ಅಷ್ಟು ಹೊತ್ತೂ ಕಾರ್ಬನ್ ಮೊನಾಕ್ಸೈಡು, ಪೂರ್ತಿ ಉರಿಯದ ಪೆಟ್ರೋಲಿನ ಆವಿ ಎಲ್ಲ ನೇರ ಬೀದಿಗೆ.

ಎಮಿಷನ್ ಟೆಸ್ಟಿನಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಅಲ್ಲಿ ಗಾಡಿಯನ್ನು ನಿಲ್ಲಿಸಿ, ಇಂಜಿನ್ ಸುಮ್ಮನೆ ಓಡಲು ಬಿಟ್ಟು ಕೊಳವೆಗೆ ಕಡ್ಡಿ ತೂರಿಸುತ್ತಾರೆ. ಪೆಟ್ರೋಲ್ ಗಾಡಿಯ ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಾಗಾಗಿ ಸಣ್ಣ ಸಣ್ಣ ಓಡಾಟ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇಂಜಿನ್ ಆನ್ ಇಟ್ಟು ಕಾಯುವುದು, ಇಂಥ ಕಡೆ ಕರೆಂಟ್ ಗಾಡಿಯೇ ಮೇಲು. ಅದರಲ್ಲಿ ನನಗೇನೂ ಅನುಮಾನ ಇಲ್ಲ.

ಇನ್ನು ಧೂಳು. ಬ್ರೇಕ್ ಪ್ಯಾಡ್ ಸವೆಯುತ್ತದೆ, ಟಯರ್ ಸವೆಯುತ್ತದೆ, ಚಕ್ರ ಉರುಳಿದಾಗ ರಸ್ತೆ ಮೇಲಿನ ಮಣ್ಣು ಮತ್ತೆ ಮೇಲೇಳುತ್ತದೆ. ಗಾಡಿ ಯಾವ ಇಂಧನದಲ್ಲಿ ಓಡಿದರೂ ಇದು ತಪ್ಪಿದ್ದಲ್ಲ. ಯುರೋಪಿನ ಹೊಸ ಯುರೋ 7 ನಿಯಮ ಮೊದಲ ಬಾರಿಗೆ ಬ್ರೇಕ್ ಧೂಳಿಗೂ ಮಿತಿ ಹಾಕಿದೆ. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರಿಗೆ 3. ಈಗ ಆಗಲೇ ಹೇಳಿದ 4.5ರ ಪಕ್ಕ ಈ 7ನ್ನು ಇಟ್ಟು ನೋಡಿ. ಕೊಳವೆಯಿಂದ ಬರಬಹುದಾದ ಕಣಕ್ಕಿಂತ ಬ್ರೇಕಿನಿಂದ ಬರಬಹುದಾದ ಕಣವೇ ಜಾಸ್ತಿ!

ಬ್ಯಾಟರಿ ಕಾರಿಗೆ 3 ಯಾಕೆ ಸಾಕು? ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಪ್ಯಾಡಿಗೆ ಕೆಲಸ ಕಮ್ಮಿ. ಆದರೆ ಟಯರ್ ವಿಷಯದಲ್ಲಿ ಕಥೆ ತಿರುಗುತ್ತದೆ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಬ್ಯಾಟರಿ ಕಾರು 200, 300 ಕೆಜಿ ಜಾಸ್ತಿ ತೂಗುವುದು ಮಾಮೂಲು. ಭಾರ ಹೆಚ್ಚಿದಷ್ಟೂ ಟಯರ್ ಸವೆತ ಹೆಚ್ಚು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿವೆ. ಇಲ್ಲೆಲ್ಲ ಪಿಎಂ 10, ಅಂದರೆ ದಪ್ಪ ಧೂಳು, ದೊಡ್ಡ ತಲೆನೋವು. ಅಗೆದು ಮುಚ್ಚದೆ ಬಿಟ್ಟ ರಸ್ತೆಗೆ ಯಾವ ಬ್ಯಾಟರಿಯೂ ಮದ್ದಲ್ಲ.

ಈಗ ಕಲ್ಲಿದ್ದಲಿನ ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ನಮ್ಮ ದೇಶದ ಗ್ರಿಡ್‌ನಲ್ಲಿ, ಅಂದರೆ ಎಲ್ಲ ಕಡೆಯ ಕರೆಂಟ್ ಸೇರಿ ಹರಿಯುವ ಜಾಲದಲ್ಲಿ, ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರ್ ಕಿಲೋಮೀಟರಿಗೆ 51 ಗ್ರಾಂ ಬಿಡುತ್ತದೆ. ಚಾರ್ಜಿಂಗ್ ನಷ್ಟ, ತಂತಿ ನಷ್ಟ ಎಲ್ಲ ಕಳೆದು ಯೂನಿಟ್ಟಿಗೆ 25 ಕಿಲೋಮೀಟರ್ ಅಂತ ಹಿಡಿದರೂ ಕರೆಂಟ್ ಸ್ಕೂಟರಿನದು 28 ಗ್ರಾಂ. ಹೆಚ್ಚುಕಮ್ಮಿ ಅರ್ಧ. ದೊಡ್ಡ ಕರೆಂಟ್ ಎಸ್‌ಯುವಿ ಯೂನಿಟ್ಟಿಗೆ 4 ಕಿಲೋಮೀಟರ್ ಕೊಟ್ಟರೆ 175 ಗ್ರಾಂ ಆಯಿತು. ಲೀಟರಿಗೆ 18 ಕೊಡುವ ಪುಟ್ಟ ಪೆಟ್ರೋಲ್ ಕಾರು? 128. ಬ್ಯಾಟರಿ ತಯಾರಿಸುವುದು, ಕಚ್ಚಾ ತೈಲ ಶುದ್ಧಿ ಮಾಡುವುದು ಇದರಲ್ಲಿ ಸೇರಿಲ್ಲ, ಎರಡೂ ಕಡೆ ಸ್ವಲ್ಪ ಸೇರಿಸಿಕೊಳ್ಳಿ. ರೇವಾ ನೆನಪಿದೆಯಾ? 2001ರಲ್ಲಿ ಇದೇ ಬೆಂಗಳೂರಿನಿಂದ ಬಂದ ಪುಟಾಣಿ ಕಾರು, ತೂಕ ಮುಕ್ಕಾಲು ಟನ್ನಿನೊಳಗೆ. ಆಗ ಎಲ್ಲರೂ ನಕ್ಕರು. ಊರಿನೊಳಗಿನ ಓಡಾಟಕ್ಕೆ ಅದೇ ಸರಿಯಾದ ಅಳತೆ ಆಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೊಗೆ ಊರು ಬಿಟ್ಟಿತು ಸರಿ, ಹೋಗಿದ್ದೆಲ್ಲಿಗೆ? ಒಂದಷ್ಟು ಪಾಲು ಕಲ್ಲಿದ್ದಲು ಸುಟ್ಟು ಕರೆಂಟ್ ತಯಾರಿಸುವ ರಾಯಚೂರಿನ ಶಕ್ತಿನಗರಕ್ಕೆ, ಬಳ್ಳಾರಿಯ ಕುಡತಿನಿಗೆ. ಅಲ್ಲಿನವರಿಗೂ ಮೂಗಿದೆ. ಕಲ್ಲಿದ್ದಲು ಸ್ಥಾವರಗಳು ಗಂಧಕದ ಹೊಗೆಗೆ ಕಡಿವಾಣ ಹಾಕಬೇಕು ಅಂತ 2015ರಲ್ಲಿ ನಿಯಮ ಬಂತು. ಗಡುವು ಮುಂದೆ ಮುಂದೆ ಹೋಗಿ, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ನಗರದವರು ಹಸಿರು ನಂಬರ್ ಪ್ಲೇಟ್ ಹಾಕಿಕೊಂಡು ಓಡಾಡುವಾಗ ಈ ಸುದ್ದಿಯನ್ನೂ ಸ್ವಲ್ಪ ಗಮನಿಸಬೇಕಿತ್ತು.

ಹಾಗಾದರೆ ಮೊದಲು ಬದಲಾಗಬೇಕಾದ್ದು ಯಾವುದು? ದಿನವಿಡೀ ಓಡುವಂಥವು. ಆಟೋ, ಊಟ-ಪಾರ್ಸೆಲ್ ತರುವ ಸ್ಕೂಟರ್, ಬಸ್ಸು. ಕರೆಂಟ್ ಬಸ್ಸಿನಿಂದ ಕಾರ್ಬನ್ ಉಳಿತಾಯ ಇವತ್ತಿನ ಗ್ರಿಡ್‌ನಲ್ಲಿ ಅಂಥಾದ್ದೇನಲ್ಲ. ಆದರೆ ಹಳೇ ಡೀಸೆಲ್ ಬಸ್ಸು ಸ್ಟಾಪಿನಿಂದ ಎದ್ದು ಹೊರಡುವಾಗ ಹಿಂದೆ ನಿಂತವರ ಮುಖಕ್ಕೆ ಬರುವ ಆ ಕಪ್ಪು ಹೊಗೆ ನಿಂತೇ ಹೋಗುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆಯುವ ಮನೆಯ ಎರಡನೇ ಕಾರನ್ನು ಬದಲಾಯಿಸಿದರೆ ಬೀದಿಗೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ಚಾರ್ಜ್ ಮಾಡುವ ಹೊತ್ತು. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು, ಅದು ಕೊಡುವುದು ಹಗಲಿನಲ್ಲಿ. ನಾವು ಪ್ಲಗ್ ಹಾಕುವುದು ರಾತ್ರಿ ಊಟ ಆದ ಮೇಲೆ. ಮಳೆಗಾಲದಲ್ಲಾದರೆ ಶರಾವತಿ ಕೈ ಹಿಡಿದೀತು, ಏಪ್ರಿಲ್ ರಾತ್ರಿ ಕಲ್ಲಿದ್ದಲೇ ಗತಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಚಾರ್ಜರ್‌ಗಾಗಿ ಜಗಳ ಆಡುವವರು ಆಫೀಸಿನ ಪಾರ್ಕಿಂಗ್‌ನಲ್ಲೂ ಒಂದು ಪಾಯಿಂಟ್ ಕೇಳಿ, ಮಧ್ಯಾಹ್ನದ ಹೊತ್ತು ಹಾಕಿಡಲು.

ಈಗ ಪ್ರಶ್ನೆಗಳಿದ್ದರೆ ಕೇಳಿ. ಬ್ಯಾಟರಿ ಹಳೆಯದಾದ ಮೇಲೆ ಏನು ಮಾಡುವುದು ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ, ಅದರಿಂದಲೇ ಶುರು ಮಾಡಬಹುದು.