ಮಗುವಿನ ತೋರುಬೆರಳನ್ನು ಗಮನಿಸಿ

ಕೋಲಾರ ಜಿಲ್ಲೆಯ ಕೇಳುಗರಿಗೆ ನಮಸ್ಕಾರ. ಮಗು ಇತರರೊಡನೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿರುವ ಆಟಿಸಂ, ಅಂದರೆ ಸ್ವಲೀನತೆಯನ್ನು ಗುರುತಿಸುವುದು ಹೇಗೆಂದು ಕೇಳುವ ತಾಯಂದಿರಿಗೆ ನಾನು ಹೇಳುವುದು ಒಂದೇ ಮಾತು: ಮಗುವಿನ ಮಾತುಗಳನ್ನು ಎಣಿಸುವ ಮೊದಲು ಅದರ ತೋರುಬೆರಳನ್ನು ಗಮನಿಸಿ. ಒಂದೂವರೆ ವರ್ಷದ ಹೊತ್ತಿಗೆ ಮಗು ಚಂದ್ರನನ್ನೋ ಬೀದಿಯ ಕರುವನ್ನೋ ಬೆರಳು ಮಾಡಿ ತೋರಿಸಿ, ಕೂಡಲೇ ತಿರುಗಿ ತಾಯಿಯ ಮುಖ ನೋಡುತ್ತದೆ. "ನೀನೂ ಕಂಡೆಯಾ" ಎಂದು ಕೇಳುವ ಆ ನೋಟ ಕಾಣದಿದ್ದರೆ ತಡಮಾಡಬೇಡಿ.

ಶ್ರೀನಿವಾಸಪುರದ ಕಡೆಯ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ನನ್ನ ಬಳಿ ಕರೆತಂದಿದ್ದರು. ಅವನಿಗೆ ಕಿವಿ ಕೇಳುವುದಿಲ್ಲವೆಂದು ಮನೆಯವರ ಅನುಮಾನ. ಅಜ್ಜಿ ಮಾತ್ರ ಒಪ್ಪಿರಲಿಲ್ಲ. "ಡೇರಿ ವ್ಯಾನು ಊರಾಚೆ ಇರೋವಾಗಲೇ ಸದ್ದಿಗೆ ಬಾಗಿಲಿಗೆ ಓಡ್ತಾನೆ ಡಾಕ್ಟ್ರೇ, ಪಕ್ಕದಲ್ಲೇ ಕೂತು ಹೆಸರು ಹಿಡಿದು ಕೂಗಿದ್ರೆ ತಿರುಗಲ್ಲ" ಎಂದರು. ಶ್ರವಣ ಪರೀಕ್ಷೆ ಆಗಲೇಬೇಕಿತ್ತು, ಆಯಿತು. ಆದರೆ ಅಷ್ಟರಲ್ಲೇ ಹುಡುಗ ಅಜ್ಜಿಯ ಮಣಿಕಟ್ಟು ಹಿಡಿದೆಳೆದು, ಆ ಕೈಯನ್ನು ನನ್ನ ಮೇಜಿನ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲಿಟ್ಟಿದ್ದ. ಅವರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಬೆರಳು ಮಾಡಿ ಕೇಳುವ ಬದಲು ದೊಡ್ಡವರ ಕೈಯನ್ನೇ ಕೊಕ್ಕೆಯಂತೆ ಬಳಸುವುದನ್ನು ನಾವು ವೈದ್ಯರು ಕಣ್ಣಿಟ್ಟು ನೋಡುತ್ತೇವೆ. ಕೊಟ್ಟ ಬಿಸ್ಕತ್ತುಗಳನ್ನು ಅವನು ತಿನ್ನದೆ ಮೇಜಿನಂಚಿಗೆ ಸಾಲಾಗಿ ಜೋಡಿಸಿದ. ನಾನು ಒಂದನ್ನು ತುಸು ಸರಿಸಿದ್ದೇ ತಡ, ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಊರಿನವರು ಇದಕ್ಕೆ ಹಟವೆಂದು ಹೆಸರಿಟ್ಟಿದ್ದರು, ಅವನಪ್ಪನಿಗೂ ಮಾತು ತಡವಾಗಿಯೇ ಬಂದದ್ದೆಂದು ಸಮಾಧಾನ ಹೇಳಿದ್ದರು, ಹಾಗೆ ಎಂಟು ತಿಂಗಳು ಕಳೆದಿತ್ತು. ಆ ಎಂಟು ತಿಂಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಮಯ ಕಡಿಮೆಯಿರುವುದರಿಂದ ಉಳಿದವನ್ನು ಬೇಗ ಹೇಳುತ್ತೇನೆ. ಕೇಳಿದ ಪ್ರಶ್ನೆಯನ್ನೇ ತಿರುಗಿ ಒಪ್ಪಿಸುವುದು, ಸೈಕಲ್ ಚಕ್ರ ತಿರುಗಿಸುತ್ತ ಗಂಟೆಗಟ್ಟಲೆ ಕೂರುವುದು, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಚೀರುವುದು, ಆಡುತ್ತಿದ್ದ ಮಾತು ನಿಂತುಹೋಗುವುದು, ಇವನ್ನೂ ಗಮನಿಸಿ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಇಂಥ ಹನ್ನೊಂದು ಮಕ್ಕಳ ಬಗ್ಗೆ ಬರೆದ ಮೇಲೆ ದಶಕಗಳ ಕಾಲ ತಾಯಂದಿರನ್ನೇ ದೂರಿದ್ದುಂಟು. ತಾಯಿಯ ಪ್ರೀತಿ ಕಡಿಮೆಯಾಗಿ ಇದು ಬರುವುದಿಲ್ಲ, ಲಸಿಕೆಯಿಂದಲೂ ಬರುವುದಿಲ್ಲ. ದಯವಿಟ್ಟು ಸೊಸೆಯಂದಿರನ್ನು ಬೈಯಬೇಡಿ.

ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ; ತಂಡ ಬರುವವರೆಗೆ ಕಾಯಬೇಕೆಂದಿಲ್ಲ, ನೇರವಾಗಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೂ ಹೋಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ವಲೀನತೆಯೂ ಸೇರಿರುವುದರಿಂದ ಅಂಗವೈಕಲ್ಯ ಪ್ರಮಾಣಪತ್ರ ಪಡೆಯುವ ಹಕ್ಕು ನಿಮಗಿದೆ. ಹೊರಡುವ ಮುನ್ನ ಮಗು ಮನೆಯಲ್ಲಿ ಆಡುವುದನ್ನೂ, ಬೇಕಾದ್ದನ್ನು ಕೇಳುವ ರೀತಿಯನ್ನೂ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಬೆದರಿ ಕುಳಿತ ಮಗು ನಮಗೆ ತೋರಿಸದ್ದನ್ನು ಆ ಚಿತ್ರ ತೋರಿಸುತ್ತದೆ, ಅದರಲ್ಲಿಯೂ ನಾನು ಮೊದಲು ಹುಡುಕುವುದು ಆ ಬೆರಳನ್ನೇ. ನಮಸ್ಕಾರ.